ನಚಿಕೇತನ ಮೊದಲನೆಯ ವರ

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಚಿಕ್ಕೋಡಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಇಂದು ಬೇರೊಂದು ವಿಷಯವನ್ನು ಹೇಳಬೇಕೆಂದು ಗೊತ್ತುಮಾಡಿಕೊಂಡಿದ್ದೆವು. ಆದರೆ ಬೆಳಿಗ್ಗೆ ಪೂಜೆ ಮುಗಿಸಿ ಹೊರಗೆ ಬಂದಾಗ ಪಡಸಾಲೆಯಲ್ಲಿ ಮೂರು ಮನೆತನದವರು ಕುಳಿತಿದ್ದರು. ನಿಪ್ಪಾಣಿಯ ಕಡೆಯವರು, ಅಥಣಿಯವರು, ಕಾಗವಾಡದವರು. ಮೂವರೂ ಮಕ್ಕಳನ್ನು ಕಾಲೇಜಿಗೆ ಬಿಟ್ಟುಬರಲು ಹೊರಟವರು. ನಿಪ್ಪಾಣಿಯ ಹುಡುಗ ಬೆಂಗಳೂರಿಗೆ, ಅಥಣಿಯವನು ಧಾರವಾಡಕ್ಕೆ, ಕಾಗವಾಡದ ಹುಡುಗಿ ಬೆಳಗಾವಿಗೆ. "ಆಶೀರ್ವಾದ ಮಾಡ್ರಿ ಅಪ್ಪಾರ, ಇವರಿಂದ ನಮ್ಮ ಮನಿ ಮ್ಯಾಲ ಬರಬೇಕು" ಎಂದು ಹಿರಿಯರು ಬೇಡಿಕೊಂಡರು. ವಿಭೂತಿ ಹಚ್ಚಿ, ಕೈಯಲ್ಲಿ ಕಲ್ಲುಸಕ್ಕರೆ ಇಟ್ಟು ಕಳಿಸಿದೆವು. ಅವರು ಹೋದ ಮೇಲೆ ನೆನಪಾಯಿತು: ಅರ್ಧ ತಾಸಿನವರೆಗೆ ಹಿರಿಯರೇ ಮಾತನಾಡಿದರು. ಮಕ್ಕಳು ಮೂವರೂ ಬ್ಯಾಗು ಹಿಡಿದುಕೊಂಡು ಕಂಬಕ್ಕೆ ಆತು ನಿಂತಿದ್ದರು. ಒಂದು ಮಾತನ್ನೂ ಆಡಲಿಲ್ಲ. ನಾವೂ ಅವರನ್ನು ಏನೂ ಕೇಳಲಿಲ್ಲ.

ಮಕ್ಕಳ ತಲೆಯ ಮೇಲೆ ಕೈಯಿಡುವುದು ಸುಲಭ. ಆ ಕೈ ಒಮ್ಮೊಮ್ಮೆ ಎಷ್ಟು ಭಾರವಾಗುತ್ತದೆಂಬುದನ್ನು ನಾವು ತಡವಾಗಿ ಕಲಿತೆವು. ಕಲಿಸಿದವನು ಒಬ್ಬ ಹುಡುಗ. ಅವನ ಊರು, ಹೆಸರು ಬೇಡ. ರಾಯಬಾಗ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯವನು ಎಂದರೆ ಸಾಕು.

ಕೆಲವು ವರ್ಷಗಳ ಹಿಂದಿನ ಮಾತು. ಜಾತ್ರೆಯಲ್ಲಿ ಚೆನ್ನಾಗಿ ಪಾಸಾದ ಮಕ್ಕಳಿಗೆ ಸನ್ಮಾನ ಮಾಡುವ ಪರಿಪಾಠ ನಮ್ಮಲ್ಲಿದೆ. ಆ ಹುಡುಗ ಪಿ.ಯು.ಸಿ. ಯಲ್ಲಿ ಒಳ್ಳೆಯ ಗುಣ ಪಡೆದು ಇಂಜಿನಿಯರಿಂಗ್ ಸೀಟು ಗಿಟ್ಟಿಸಿಕೊಂಡಿದ್ದ. ಶಾಲು ಹೊದಿಸಿ, ತುಂಬಿದ ಸಭೆಯಲ್ಲಿ ನಾವು ಘೋಷಣೆ ಮಾಡಿದೆವು: "ಈ ಹುಡುಗ ದೊಡ್ಡ ಇಂಜಿನಿಯರ ಆಗುತ್ತಾನೆ, ಊರಿಗೆ, ಮಠಕ್ಕೆ ಕೀರ್ತಿ ತರುತ್ತಾನೆ." ಜನ ಚಪ್ಪಾಳೆ ತಟ್ಟಿದರು. ಅವನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಮಗೂ ಸಂತೋಷವಾಯಿತು. ನಮ್ಮ ಮಾತಿನ ಮೇಲೆ ನಮಗೇ ಮೋಹವಿತ್ತು ಎನ್ನಬೇಕು.

ಎರಡು ವರ್ಷದ ಮೇಲೆ ಒಂದು ದಿನ ನಸುಕಿನಲ್ಲಿ, ಇನ್ನೂ ಕಸ ಹೊಡೆದಿರಲಿಲ್ಲ, ಅವನು ಮಠದ ಕಟ್ಟೆಯ ಮೇಲೆ ಕುಳಿತಿದ್ದ. ರಾತ್ರಿ ಬಸ್ಸಿಗೆ ಬಂದವನು ಮನೆಗೆ ಹೋಗಿರಲಿಲ್ಲ. ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟ. ಮೊದಲ ಸೆಮಿಸ್ಟರಿನಲ್ಲೇ ನಾಲ್ಕು ವಿಷಯ ಉಳಿದಿದ್ದವು. ಮನೆಯಲ್ಲಿ "ಪಾಸಾದೆ" ಎಂದು ಹೇಳಿದ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಜೋಡಿಸುತ್ತ ಹೋದ. ಕೊನೆಗೆ ವರ್ಷವೇ ಹೋಯಿತು. "ಎರಡ ದಿನದಿಂದ ಕೆಟ್ಟ ವಿಚಾರ ಬರಾಕತ್ತಾವ್ರಿ ಅಪ್ಪಾರ" ಎಂದ. ನಮ್ಮ ಮೈ ನಡುಗಿತು. "ತಮ್ಮಾ, ಮೊದಲ ನಮಗರೆ ಯಾಕ ಹೇಳಲಿಲ್ಲ?" ಎಂದು ಕೇಳಿದೆವು. ಅವನು ನೆಲ ನೋಡುತ್ತ ಹೇಳಿದ: "ನೀವ ಎಲ್ಲಾರ ಮುಂದ ಹಂಗ ಹೇಳಿದ್ರೆಲ್ರಿ. ನಿಮ್ಮ ಮಾತ ಸುಳ್ಳ ಮಾಡಿದಂಗ ಆಕ್ಕಿತ್ತು."

ಭಕ್ತರೇ, ಆ ದಿನದ ಪೂಜೆಯಲ್ಲಿ ನಮಗೆ ಮನಸ್ಸು ನಿಲ್ಲಲಿಲ್ಲ. ಹಿಂದೆ ಪಾಠಶಾಲೆಯಲ್ಲಿ ಓದಿದ ಕಠೋಪನಿಷತ್ತು ನೆನಪಾಯಿತು. ನಿಮಗೂ ಕಥೆ ಗೊತ್ತಿದೆ. ವಾಜಶ್ರವಸನೆಂಬವನು ಸರ್ವಸ್ವವನ್ನೂ ದಾನ ಮಾಡುವ ಯಜ್ಞ ಮಾಡಿದ. ದಾನಕ್ಕೆ ಬಂದ ಆಕಳುಗಳೋ ಹುಲ್ಲು ತಿಂದು ಮುಗಿಸಿದಂಥವು, ಹಾಲು ಬತ್ತಿದಂಥವು. ಅವನ ಮಗ ನಚಿಕೇತ, ಇನ್ನೂ ಸಣ್ಣ ಹುಡುಗ, ಇದನ್ನು ನೋಡಿ ತಳಮಳಿಸಿ, "ಅಪ್ಪಾ, ನನ್ನನ್ನು ಯಾರಿಗೆ ಕೊಡುತ್ತೀ?" ಎಂದು ಕೇಳಿದ. ಒಮ್ಮೆ ಕೇಳಿದ, ಎರಡು ಸಲ ಕೇಳಿದ, ಮೂರನೆಯ ಸಲ ಕೇಳಿದಾಗ ತಂದೆ ಸಿಟ್ಟಿನಿಂದ "ಮೃತ್ಯುವಿಗೆ ಕೊಡುತ್ತೇನೆ" ಎಂದುಬಿಟ್ಟ. ನಮ್ಮ ಮನೆಗಳಲ್ಲಿ "ಎಲ್ಲಿಯಾದರೂ ಹೋಗು, ನನಗೆ ಮುಖ ತೋರಿಸಬೇಡ" ಎನ್ನುವುದಿಲ್ಲವೇ, ಹಾಗೆ. ಅಂದವನಿಗೆ ಅದು ಸಿಟ್ಟಿನ ಮಾತು. ಹುಡುಗ ಅದನ್ನು ಸತ್ಯವೆಂದೇ ಹಿಡಿದು ಯಮನ ಮನೆಗೆ ನಡೆದುಬಿಟ್ಟ.

ಯಮ ಮನೆಯಲ್ಲಿರಲಿಲ್ಲ. ಮೂರು ರಾತ್ರಿ ಅನ್ನವಿಲ್ಲದೆ ಕಾದ ಹುಡುಗನಿಗೆ ಯಮ ಬಂದು ಮೂರು ವರ ಕೊಟ್ಟ. ಮೂರನೆಯ ವರ ಆತ್ಮವಿದ್ಯೆಯದು. ಭಾಷ್ಯ, ಟೀಕೆ, ವ್ಯಾಖ್ಯಾನಗಳೆಲ್ಲ ಅದರ ಸುತ್ತಲೇ ಬೆಳೆದಿವೆ. ಪಾಠಶಾಲೆಯಲ್ಲಿ ನಾವು ಮೊದಲನೆಯ ವರವನ್ನು ಅರ್ಧ ದಿನದಲ್ಲಿ ಮುಗಿಸಿ ಮುಂದಕ್ಕೆ ಓಡಿದೆವು, ಗುರುಗಳೂ ಓಡಿಸಿದರು. ಆದರೆ ಆ ಹುಡುಗ ಮೃತ್ಯುವಿನ ಬಾಗಿಲಲ್ಲಿ ನಿಂತು ಮೊಟ್ಟಮೊದಲು ಬೇಡಿದ್ದೇನು? ತನ್ನ ತಂದೆಯ ಮನಸ್ಸು ಶಾಂತವಾಗಲಿ, ಅವನ ಸಿಟ್ಟು ಇಳಿಯಲಿ, ತಾನು ಮರಳಿ ಹೋದಾಗ ತನ್ನನ್ನು ಗುರುತು ಹಿಡಿದು ಮಾತನಾಡಿಸಲಿ. ಇಷ್ಟೇ. ಬ್ರಹ್ಮವಿದ್ಯೆ ಆಮೇಲೆ. ಮೊದಲು ಮನೆಗೆ ಮರಳಿದರೆ ಅಪ್ಪ ಮಾತನಾಡಿಸುತ್ತಾನೋ ಇಲ್ಲವೋ ಎಂಬ ಚಿಂತೆ. ನಲವತ್ತು ವರ್ಷ ಬಾಯಿಪಾಠವಿದ್ದ ಮಂತ್ರದ ಅರ್ಥ ನಮಗೆ ಆದದ್ದು ಆ ಕಟ್ಟೆಯ ಮೇಲೆ.

ತಂದೆಗೆ ಹೇಳಿಕಳಿಸಿದೆವು. ಮೋಟರ್ ಸೈಕಲ್ ಮೇಲೆ ಬಂದ. ಅಷ್ಟರಲ್ಲಿ ವಿಷಯವನ್ನು ಫೋನಿನಲ್ಲಿ ತಿಳಿಸಿದ್ದೆವು. ಎಮ್ಮೆ ಮಾರಿ, ಸೊಸೈಟಿಯಲ್ಲಿ ಸಾಲ ತೆಗೆದು ಫೀ ತುಂಬಿದವನು ಆತ. ಹೊಡೆಯುತ್ತಾನೋ ಏನೋ ಎಂದು ನಾವು ನಡುವೆ ನಿಂತಿದ್ದೆವು. ಮಗನ ಮುಖ ನೋಡಿದ. ಒಂದು ನಿಮಿಷ ಸುಮ್ಮನೆ ನಿಂತ. ಆಮೇಲೆ ಕೇಳಿದ: "ಏನರೆ ಉಂಡಿ?"

ಹುಡುಗ ಆಗ ಅತ್ತ. ಅಲ್ಲಿಯವರೆಗೆ ಅತ್ತಿರಲಿಲ್ಲ.

ಪ್ರಸಾದವಾದ ಮೇಲೆ ಇಬ್ಬರನ್ನೂ ಕೂಡ್ರಿಸಿ ಮಾತನಾಡಿದೆವು. "ರೊಕ್ಕ ಹೋದದ್ದಕ್ಕಲ್ಲೋ, ನನಗ ಯಾಕ ಹೇಳಲಿಲ್ಲ?" ಎಂದು ತಂದೆ ಕೇಳಿದ. ಮಗ ಹೇಳಿದ: "ನೀವು ಫೋನ್ ಹಚ್ಚಿದಾಗೊಮ್ಮೆ ಎರಡ ಮಾತು ಕೇಳ್ತಿದ್ರಿ. ಮಾರ್ಕ್ಸ್ ಎಷ್ಟ ಬಿದ್ದಾವು, ರೊಕ್ಕ ಎಷ್ಟ ಉಳದಾವು. ಮೂರನೇ ಮಾತ ಕೇಳಿದ್ದರ ಹೇಳ್ತಿದ್ನಿ." ತಂದೆಯ ತಪ್ಪೆಂದು ನಾವು ಹೇಳಲಾರೆವು. ಒಕ್ಕಲುತನದ ಮನುಷ್ಯನಿಗೆ ಲೆಕ್ಕ ಕೇಳುವುದೇ ಅಂತಃಕರಣದ ಭಾಷೆ. ಬೇರೆ ಮಾತು ಅವನಿಗೆ ಯಾರೂ ಕಲಿಸಿಲ್ಲ.

ರೊಕ್ಕದ ಮಾತು ಬಂತು. ಅದನ್ನೂ ಬಿಚ್ಚಿ ಹೇಳಬೇಕು. ನಮ್ಮ ಈ ಐದೂ ತಾಲ್ಲೂಕುಗಳಲ್ಲಿ ಕಬ್ಬೇ ಬಹಳ ಮನೆಗಳ ಜೀವ. ಕಾರ್ಖಾನೆ ಹೊಗೆ ಬಿಡುವುದು ದೀಪಾವಳಿಯ ಸುಮಾರಿಗೆ. ಕಾಲೇಜು ಫೀ ಕೇಳುವುದು ಮಳೆಗಾಲದಲ್ಲಿ. ಕಬ್ಬು ಕೊಟ್ಟ 14 ದಿನದಲ್ಲಿ ಬಿಲ್ಲು ಪಾವತಿಯಾಗಬೇಕೆಂದು 1966 ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲು ಯಾವಾಗ ಬರುತ್ತದೆಂಬುದನ್ನು ನಮಗಿಂತ ನೀವೇ ಚೆನ್ನಾಗಿ ಬಲ್ಲಿರಿ. ನಡುವಿನ ಈ ನಾಲ್ಕೈದು ತಿಂಗಳಲ್ಲಿ ಕೈಗಡ, ಬಡ್ಡಿ, ಬಂಗಾರ ಒತ್ತೆ ಎಲ್ಲವೂ ಆಗುತ್ತವೆ. ಮಗುವಿಗೆ ಇದು ಪೂರ್ತಿ ಗೊತ್ತಿರುವುದಿಲ್ಲ, ಅರ್ಧ ಗೊತ್ತಿರುತ್ತದೆ. ಅರ್ಧ ಗೊತ್ತಿರುವ ಸಾಲ ಪೂರ್ತಿ ಗೊತ್ತಿರುವ ಸಾಲಕ್ಕಿಂತ ಹೆಚ್ಚು ಹೆದರಿಸುತ್ತದೆ. ಆದ್ದರಿಂದ ಊರು ಬಿಡುವ ಮೊದಲು ಒಂದು ಸಂಜೆ ಕೂಡ್ರಿಸಿಕೊಂಡು ಹೇಳಿರಿ: ಇಷ್ಟು ರೊಕ್ಕ ಇದೆ, ಇಷ್ಟು ಸಾಲವಿದೆ, ತಿಂಗಳಿಗೆ ಇಷ್ಟು ಕಳಿಸಬಲ್ಲೆವು, ತೀರಿಸುವ ಹೊಣೆ ನಮ್ಮದು. ಒಮ್ಮೆ ಹೇಳಿದ ಮೇಲೆ ಮತ್ತೆ ಫೋನಿನಲ್ಲಿ ಆ ಮಾತು ಎತ್ತಬೇಡಿರಿ. ಸರಕಾರದ ವಿದ್ಯಾರ್ಥಿವೇತನ, ವಸತಿನಿಲಯದ ಅರ್ಜಿಗಳ ಕಡೆಗೂ ಲಕ್ಷ್ಯವಿರಲಿ. ಅವುಗಳಿಗೆ ಕೊನೆಯ ತಾರೀಖು ಇರುತ್ತದೆ. ಜಾತಿ, ಆದಾಯದ ಪ್ರಮಾಣಪತ್ರಕ್ಕೆ ಓಡಾಡುವುದು ತಂದೆಯ ಕೆಲಸ, ಓದುವ ಹುಡುಗನ ಕೆಲಸವಲ್ಲ.

ಹಿಂದಿನವರಿಗೆ ಈ ಕಷ್ಟ ಇರಲಿಲ್ಲವೆಂದು ತಿಳಿಯಬೇಡಿರಿ. 1917 ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆಗುವ ಮೊದಲು ನಮ್ಮ ಭಾಗದ ಹುಡುಗರು ಕೊಲ್ಹಾಪುರ, ಪುಣೆ ಎಂದು ಹೋಗಬೇಕಿತ್ತು. 1906 ರಲ್ಲಿ ಲಿಂಗೈಕ್ಯರಾದ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಮೃತ್ಯುಪತ್ರ ಬರೆದಿಟ್ಟು ಹೋದರು. 1916 ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು, 1933 ರಲ್ಲಿ ಅಲ್ಲಿ ಆರಂಭವಾದ ಕಾಲೇಜಿಗೆ ಲಿಂಗರಾಜರ ಹೆಸರೇ ಇದೆ. ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠಗಳು ಪ್ರಸಾದ ನಿಲಯ ನಡೆಸಿ ಬಡ ಮಕ್ಕಳಿಗೆ ಅನ್ನವಿಕ್ಕಿದವು. ಈಗ 2010 ರಿಂದ ಬೆಳಗಾವಿಯಲ್ಲೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ. ದಾರಿ ಹತ್ತಿರವಾಯಿತು.

ಆಗಿನ ತಾಯಂದಿರು ಏನು ಮಾಡುತ್ತಿದ್ದರು? ಧಾರವಾಡದಲ್ಲಿ ಕೋಣೆ ಮಾಡಿಕೊಂಡು ಓದುವ ಮಗನಿಗೆ ಬುತ್ತಿ ಕಟ್ಟಿ ಬಸ್ಸಿನಲ್ಲಿ ಇಟ್ಟು ಕಳಿಸುತ್ತಿದ್ದರು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಮೊಸರು. ಬಸ್ಸು ಬರುವ ಹೊತ್ತಿಗೆ ಹುಡುಗರು ನಿಲ್ದಾಣದಲ್ಲಿ ಕಾಯುತ್ತಿದ್ದರು. ಆ ಬುತ್ತಿಯ ಗಂಟಿನಲ್ಲಿ ಪ್ರಶ್ನೆಗಳಿರುತ್ತಿರಲಿಲ್ಲ. ಈಗ ಫೋನು ಬಂದಿದೆ, ದಿನಕ್ಕೆ ಮೂರು ಸಲ ಮಾತನಾಡಬಹುದು. ಮುಖವನ್ನೂ ನೋಡಬಹುದು. ಮಾತು ಹೆಚ್ಚಾಯಿತು, ಬುತ್ತಿ ಕಡಿಮೆಯಾಯಿತು ಎಂದು ನಮಗೆ ಅನಿಸುತ್ತದೆ. ಮುದುಕರ ಗೊಣಗಾಟವೆಂದು ಬೇಕಾದರೆ ನಗಿರಿ.

ನಿಪ್ಪಾಣಿಯ ಕಡೆಯವರಿಗೆ ತಂಬಾಕಿನ ಅಗಿ ಹಚ್ಚುವುದು ಗೊತ್ತು. ಮಡಿಯಲ್ಲಿ ನೆಟ್ಟಗೆ ನಿಂತ ಅಗಿಯನ್ನು ಕಿತ್ತು ಹೊಲದಲ್ಲಿ ಹಚ್ಚಿದರೆ ನಾಲ್ಕು ದಿನ ತಲೆಬಾಗಿ ಬೀಳುತ್ತದೆ. ಬೇರು ಹಿಡಿಯಿತೋ ಇಲ್ಲವೋ ಎಂದು ಯಾವ ಒಕ್ಕಲಿಗನೂ ದಿನಾ ಕಿತ್ತು ನೋಡುವುದಿಲ್ಲ. ನಮ್ಮ ಹಳ್ಳಿಯ ಮಗುವಿಗೂ ಮೊದಲ ಆರು ತಿಂಗಳು ಹಾಗೆಯೇ. ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲಿ, ಗಡಿಯ ಊರುಗಳಲ್ಲಿ ಕೆಲವರು ಮರಾಠಿಯಲ್ಲಿ ಓದಿದವರು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ, ಅದೂ ಓಡುವ ಇಂಗ್ಲಿಷಿನಲ್ಲಿ. ಊರಲ್ಲಿ ಎಲ್ಲರಿಗಿಂತ ಮುಂದಿದ್ದವನು ಅಲ್ಲಿ ಹಿಂದಿನ ಬೆಂಚಿನಲ್ಲಿ ಕೂಡುತ್ತಾನೆ. ಆ ಹುಡುಗನಿಗೂ ಆದದ್ದು ಇದೇ. ಬುದ್ಧಿಗೇನೂ ಕೊರತೆ ಇರಲಿಲ್ಲ. ಗುರುಗಳಿಗೆ "ತಿಳಿಯಲಿಲ್ಲ" ಎಂದು ಕೈಯೆತ್ತಲು ನಾಚಿಕೆ. ಒಂದು ಪೇಪರು ಉಳಿದರೆ ಮತ್ತೆ ಬರೆಯಲು ಅವಕಾಶವಿದೆ ಎಂಬುದನ್ನು ತಂದೆ-ತಾಯಿಗಳೇ ಮೊದಲು ತಿಳಿದುಕೊಂಡು, ಮಗ ಹೊರಡುವ ದಿನವೇ ಹೇಳಿಬಿಡಿರಿ. ಫೋನು ಹಚ್ಚಿದಾಗ ಮೂರನೆಯ ಮಾತು ಕೇಳಿರಿ: ಗೆಳೆಯರು ಯಾರಾದರು, ಊಟ ಹಿಡಿಸಿತೋ, ಯಾವ ಪಾಠ ತಿಳಿಯವಲ್ಲದು? ಉತ್ತರ ಬರದಿದ್ದರೆ ಬಿಡಿರಿ, ಎಂಟು ದಿನದ ಮೇಲೆ ಮತ್ತೆ ಕೇಳಿರಿ.

ಮಗು ಊಟ-ನಿದ್ದೆ ಬಿಟ್ಟಿದೆ, ಫೋನು ಎತ್ತುವುದಿಲ್ಲ, ಬದುಕು ಬೇಡವೆಂಬಂಥ ಮಾತನಾಡುತ್ತದೆ ಎಂದರೆ ಮಾತ್ರ ಕಾಯಬೇಡಿರಿ. ಅಂದೇ ಹೋಗಿ ಹತ್ತಿರ ಕೂಡಿರಿ. 2022 ರಿಂದ 14416 ಎಂಬ ನಂಬರಿಗೆ ಹಗಲು-ರಾತ್ರಿ ಯಾವಾಗ ಫೋನು ಮಾಡಿದರೂ ಮನಸ್ಸಿನ ತಜ್ಞರು ಮಾತನಾಡಿಸುತ್ತಾರೆ, ಕನ್ನಡದಲ್ಲಿಯೂ ಮಾತನಾಡುತ್ತಾರೆ, ಖರ್ಚಿಲ್ಲ. ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಅಲ್ಲಿಗೆ ಹೋಗುವುದು ಅಪಮಾನವಲ್ಲ. ನಾವೇ ಆ ಹುಡುಗನನ್ನು ಅಲ್ಲಿಗೆ ಕಳಿಸಿದೆವು. ತಾಯತ ಕಟ್ಟಿರೆಂದು ಅವನ ಅಜ್ಜಿ ಕೇಳಿದಳು. ಕಟ್ಟಿದೆವು, ವೈದ್ಯರ ಗುಳಿಗೆ ತಪ್ಪಿಸಬಾರದೆಂಬ ಕರಾರಿನ ಮೇಲೆ.

ಹೆಣ್ಣುಮಕ್ಕಳ ವಿಷಯ ಒಂದು ಮಾತು. ಮಗನನ್ನು ಸಾಲ ಮಾಡಿ ಬೆಂಗಳೂರಿಗೆ ಕಳಿಸುವ ಮನೆ ಮಗಳಿಗೆ "ಇಲ್ಲೇ ಹತ್ತಿರ ಎಲ್ಲಿಯಾದರೂ ಕಲಿ, ವರ ನೋಡುವವರೆಗೆ" ಎನ್ನುತ್ತದೆ. 2023 ರ ಜೂನ್ 11 ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ನಮ್ಮ ಸರಕಾರಿ ಸಾದಾ ಬಸ್ಸುಗಳಲ್ಲಿ ಟಿಕೀಟಿನ ಖರ್ಚಿಲ್ಲ. ರಾಯಬಾಗದಿಂದ ಚಿಕ್ಕೋಡಿಗೆ, ಬೆಳಗಾವಿಗೆ ಬರುವ ಹುಡುಗಿಯರನ್ನು ಈಗ ಬಸ್ಸಿನಲ್ಲಿ ಕಾಣುತ್ತೇವೆ. ಬಸ್ಸು ಪುಕ್ಕಟೆಯಾಯಿತು, ಮನೆಯ ಒಪ್ಪಿಗೆಗೆ ಮಾತ್ರ ಇನ್ನೂ ಬೆಲೆ ಬಹಳ. ಬಸವಣ್ಣನವರು ಹುಟ್ಟಿದ ಮನೆ ಬಿಟ್ಟು ಸಂಗಮಕ್ಕೆ ಹೊರಟಾಗ ಜೊತೆಗೆ ನಿಂತವಳು ಅಕ್ಕನಾಗಮ್ಮ ಎಂದು ನಾವು ಪುರಾಣದಲ್ಲಿ ಹೇಳುತ್ತೇವೆ, ಕೇಳಿ ತಲೆದೂಗುತ್ತೀರಿ. ನಮ್ಮ ಮನೆಯ ನಾಗಮ್ಮ ಹೊರಟಾಗ ಜೊತೆಗೆ ನಿಲ್ಲುವವರು ಯಾರು?

ಆ ಹುಡುಗ ಮುಂದೇನಾದ ಎಂದು ಕೇಳುತ್ತೀರಿ. ಇಂಜಿನಿಯರಿಂಗ್ ಬಿಟ್ಟ. ಒಂದು ವರ್ಷ ತಂದೆಯ ಜೊತೆ ಹೊಲ ಮಾಡಿದ. ಈಗ ಊರಿನ ಸಮೀಪದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಾನೆ, ಅಮಾವಾಸ್ಯೆಗೆ ಮಠಕ್ಕೆ ಬಂದು ದಾಸೋಹದಲ್ಲಿ ಬಡಿಸುತ್ತಾನೆ. ಮುಂದೆ ಏನಾಗುತ್ತಾನೆಂದು ನಾವು ಹೇಳುವುದಿಲ್ಲ. ಒಮ್ಮೆ ಹೇಳಿ ಮಾಡಿದ ತಪ್ಪು ಸಾಕು. ಆ ವರ್ಷದಿಂದ ಜಾತ್ರೆಯ ಸನ್ಮಾನದಲ್ಲಿ ಶಾಲು ಹೊದಿಸುತ್ತೇವೆ, ಪುಸ್ತಕ ಕೊಡುತ್ತೇವೆ, ಭವಿಷ್ಯ ನುಡಿಯುವುದಿಲ್ಲ.

ಕಾಗವಾಡದ ಆ ಹುಡುಗಿ ಇಷ್ಟು ಹೊತ್ತಿಗೆ ಬೆಳಗಾವಿ ಮುಟ್ಟಿರಬೇಕು. ಅವಳ ಹೆಸರನ್ನೂ ನಾವು ಕೇಳಲಿಲ್ಲ. ನಾಳೆ ಅವರ ಮನೆಗೆ ಫೋನು ಹಚ್ಚಿ, ಏನು ಓದಲು ಹೋದಳೆಂದು ಕೇಳಬೇಕೆಂದು ಮರಿದೇವರಿಗೆ ಹೇಳಿದ್ದೇವೆ. ಮಳೆ ಹನಿಯುತ್ತಿದೆ, ತಾಯಂದಿರು, ಸಣ್ಣ ಮಕ್ಕಳು ಮೊದಲು ಪ್ರಸಾದಕ್ಕೆ ಏಳಿರಿ.