ಜೀವ ನಮ್ಮ ಸ್ವತ್ತಲ್ಲ, ಅಮಾನತ್ತು



ಅಲ್ಲಾಹನು ಆಕಾಶ, ಭೂಮಿಗಳನ್ನು ಆರು ದಿನಗಳಲ್ಲಿ ಸೃಷ್ಟಿಸಿದನೆಂದು ನಾವು ನಂಬುತ್ತೇವೆ. ಬೈಬಲಿನ ಆದಿಕಾಂಡವೂ ಆರು ದಿನಗಳನ್ನೇ ಹೇಳಿ, ಏಳನೆಯ ದಿನ ದೇವರು ವಿಶ್ರಮಿಸಿದನೆನ್ನುತ್ತದೆ. ಆದರೆ ಅಲ್ಲಾಹನಿಗೆ ಆಯಾಸವೇ ತಟ್ಟಲಿಲ್ಲವೆಂದು ಕುರ್‌ಆನ್ (50:38) ಕಲಿಸುತ್ತದೆ. ಮನುಷ್ಯನು ದೇವರ ಸ್ವರೂಪದಲ್ಲಿ ಸೃಷ್ಟಿಯಾದನೆಂಬುದು ಕ್ರೈಸ್ತರ ನಂಬಿಕೆ. ಅಲ್ಲಾಹನು ಆದಮ್(ಅ)ರನ್ನು ಮಣ್ಣಿನಿಂದ ರೂಪಿಸಿ ರೂಹ್ ಊದಿದನೆಂಬುದು ನಮ್ಮ ನಂಬಿಕೆ. ಭಿನ್ನತೆ ಇದೆ. ಆದರೂ ಜೀವ ಕೊಟ್ಟವನು ದೇವನು, ಅದು ನಮ್ಮ ಸ್ವತ್ತಲ್ಲ ಎಂಬಲ್ಲಿ ಇಬ್ಬರದೂ ಒಂದೇ ಮಾತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಹೆಚ್ಚಿನ ಹೊಲಗಳು ಮಳೆಯನ್ನೇ ನೆಚ್ಚಿವೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಯಿತು. ಶೇಂಗಾ, ಮೆಕ್ಕೆಜೋಳ ಒಣಗಿದರೂ ಸಾಲದ ಬಡ್ಡಿ ನಿಲ್ಲುವುದಿಲ್ಲ. ಆಗ ಕೆಲವರಿಗೆ ಬದುಕೇ ಬೇಡವೆನಿಸುತ್ತದೆ.

ಸಹೋದರರೇ, ತನ್ನ ಜೀವವನ್ನು ತಾನೇ ತೆಗೆದುಕೊಳ್ಳುವುದನ್ನು ಕುರ್‌ಆನ್ (4:29) ನಿಷೇಧಿಸಿದೆ. ಆದರೆ ಇಷ್ಟು ಹೇಳಿ ನಾವು ಸುಮ್ಮನಾಗುವಂತಿಲ್ಲ. ಸಾಲ ಕೊಟ್ಟವರಿಗೂ ಆದೇಶವಿದೆ: ಸಂಕಷ್ಟದಲ್ಲಿರುವವನಿಗೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕು, ಮನ್ನಾ ಮಾಡಿದರೆ ಇನ್ನೂ ಉತ್ತಮ (2:280). ಝಕಾತ್‌ನ 8 ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವರೂ ಸೇರಿದ್ದಾರೆ (9:60). ಇದನ್ನು ನಮ್ಮ ಜಮಾಅತ್‌ಗಳು ಮರೆಯದಿರಲಿ.

ನೆರೆಯವನು ಯಾವ ಧರ್ಮದವನೇ ಆಗಲಿ, ಮೌನವಾಗಿದ್ದರೆ ಅವನ ಬಾಗಿಲಿಗೆ ಹೋಗೋಣ, ಕೂತು ಮಾತನಾಡಿಸೋಣ. ಹಗಲಿರುಳು ಉಚಿತವಾಗಿ ಸಿಗುವ ಟೆಲಿ ಮಾನಸ್ 14416 ಸಂಖ್ಯೆಯನ್ನು ತಿಳಿಸೋಣ. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ ಎಂಬ ಬೋಧನೆ (5:32) ನಮ್ಮದು.

ಅಲ್ಲಾಹನು ನಮಗೆ ತೌಫೀಕ್ ನೀಡಲಿ. ಆಮೀನ್.