ಯಾವ ಪುಸ್ತಕ ಕೊಡೋದು, ಯಾವುದು ಇಟ್ಕೊಳ್ಳೋದು?

ನಾನು ಡೊಂಬಿವಲಿಯಿಂದ ಮಾತಾಡ್ತಾ ಇದ್ದೇನೆ. ನಾನು ವಿಮರ್ಶಕಿ ಅಲ್ಲ, ಸಾಹಿತ್ಯವನ್ನು ಕಾಲೇಜಿನಲ್ಲಿ ಓದಿದವಳೂ ಅಲ್ಲ. ಊರು ಸಾಗರದ ಹತ್ತಿರ. ಮದುವೆಯಾಗಿ ಈ ಕಡೆ ಬಂದು 35 ವರ್ಷ ಆಯಿತು. ಫೋರ್ಟ್‌ನಲ್ಲಿ ಒಂದು ವಿಮಾ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ನನ್ನ ಓದೆಲ್ಲ ಹೆಚ್ಚಾಗಿ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಆದದ್ದು. ಆದ್ದರಿಂದ ಇವತ್ತು ಹೇಳೋದನ್ನ ಒಬ್ಬ ಸಾಮಾನ್ಯ ಓದುಗಳ ಅನಿಸಿಕೆ ಅಂತಲೇ ತಗೊಳ್ಳಿ.

ವಿಷಯ ಏನಂದ್ರೆ, ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗಿದೆ. ಹೊಸ ಕಟ್ಟಡ ಏಳುವ ತನಕ ಬಾಡಿಗೆ ಮನೆ, ಅದೂ ಈಗಿನದಕ್ಕಿಂತ ಚಿಕ್ಕದು. ನನ್ನ ಹತ್ತಿರ ಸುಮಾರು 400 ಕನ್ನಡ ಪುಸ್ತಕ ಇವೆ. ಹೊಸ ಮನೆಯಲ್ಲಿ ಅವಕ್ಕೆ ಅಂತ ಸಿಕ್ಕಿದ್ದು ಒಂದೇ ಕಪಾಟು. ಉಳಿದದ್ದನ್ನ ಕೊಡಲೇಬೇಕು. ಮುಂಬೈನಲ್ಲಿ ಮನೆ ಬದಲಿಸಿದವರಿಗೆಲ್ಲ ಈ ಕಷ್ಟ ಗೊತ್ತು. ಪಾತ್ರೆ ಕೊಟ್ಟರೆ ಇನ್ನೊಂದು ತರಬಹುದು. ಕನ್ನಡ ಪುಸ್ತಕ ಇಲ್ಲಿ ಕೈಬಿಟ್ಟರೆ ಮೂಲೆ ಅಂಗಡಿಗೆ ಹೋಗಿ ತಂದ್ಕೊಳ್ಳೋಕೆ ಆಗಲ್ಲ.

ಹಾಗಾದ್ರೆ ಯಾವುದನ್ನ ಇಟ್ಕೊಳ್ಳೋದು? ಪ್ರಶಸ್ತಿ ಬಂದದ್ದನ್ನಾ? ದೊಡ್ಡ ಹೆಸರಿನವರದ್ದನ್ನಾ? ಒಂದು ತಿಂಗಳು ಒಂದೊಂದೇ ಪುಸ್ತಕ ತೆಗೆದು ನೋಡ್ತಾ ಹೋದೆ. ಕೊನೆಗೆ ಒಂದು ಲೆಕ್ಕ ಸಿಕ್ಕಿತು. ಇನ್ನೊಬ್ಬರಿಗೆ ನನ್ನ ಮಾತಿನಲ್ಲಿ ಹೇಳೋಕೆ ಬರುವ ಪುಸ್ತಕ ನನ್ನೊಳಗೆ ಆಗಲೇ ಇದೆ, ಅದನ್ನ ಕೊಡಬಹುದು. ಹೇಳೋಕೆ ಹೋದರೆ ಕೈಯಿಂದ ಜಾರಿಹೋಗುವ ಪುಸ್ತಕವನ್ನ ಇಟ್ಕೋಬೇಕು.

ಮೊದಲು ಕೊಟ್ಟವುಗಳ ವಿಷಯ ಹೇಳ್ತೀನಿ.

ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂದದ್ದು. ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಟ್ಟಿಲ್ಲ. ಒಬ್ಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಕಾಡಿನಲ್ಲಿ ಒಂದು ಹಾರುವ ಓತಿಯ ಹುಡುಕಾಟ. ಓದುವಾಗ ನಗು ಬರುತ್ತೆ. ಮುಗಿಸಿದ ಮೇಲೆ ಮಾತ್ರ, ಓದು ಬರಹ ಅಷ್ಟಕ್ಕಷ್ಟೇ ಇರುವ ಮಂದಣ್ಣನ ಕಣ್ಣಿಗೆ ಕಂಡದ್ದು ಕಲಿತವರ ಕಣ್ಣಿಗೆ ಯಾಕೆ ಕಾಣಲಿಲ್ಲ ಅನ್ನೋ ಯೋಚನೆ ಬಿಡಲ್ಲ. ನನ್ನ ಸೊಸೆ ಮರಾಠಿಯವಳು. ಎಂಟು ವರ್ಷದ ಮೊಮ್ಮಗಳಿಗೆ ಕನ್ನಡ ಕೇಳಿದರೆ ಅರ್ಧ ಅರ್ಥ ಆಗುತ್ತೆ, ಓದೋಕೆ ಬರಲ್ಲ. ಅವಳಿಗೆ ಈ ಕತೆಯನ್ನ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಹೇಳಿದೆ. ಹಾರುವ ಓತಿ 'ಉಡ್ಣಾರಾ ಸರ್ಡಾ' ಆಯಿತು. ಕತೆಗೆ ಏನೂ ಆಗಲಿಲ್ಲ! ಕೊನೆಯಲ್ಲಿ ಓತಿ ಹಾರಿದ್ದನ್ನು ಕೇಳಿ ಅವಳು ಬಾಯಿ ಬಿಟ್ಟುಕೊಂಡು ಕೂತಿದ್ದಳು. ಆಗ ಅನಿಸಿತು, ಈ ಪುಸ್ತಕ ಭಾಷೆ ದಾಟಿಯೂ ಬದುಕುತ್ತೆ, ಧೈರ್ಯವಾಗಿ ಕೊಡಬಹುದು ಅಂತ.

ಎರಡನೆಯದು ಯಶವಂತ ಚಿತ್ತಾಲರ 'ಶಿಕಾರಿ', 1979ರದು. ಮುಂಬೈ ಕನ್ನಡಿಗರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು, ಮುಂಬೈನ ಕಂಪನಿಯಲ್ಲಿ ದುಡಿದು ಇಲ್ಲೇ ಬಾಳಿದವರು. ದೊಡ್ಡ ಹುದ್ದೆಯ ನಾಗಪ್ಪನನ್ನ ಕಂಪನಿ ಅಮಾನತು ಮಾಡುತ್ತೆ. ಯಾಕೆ ಅಂತ ಅವನಿಗೆ ಸರಿಯಾಗಿ ತಿಳಿಯಲ್ಲ. ಯಾರು ಬೇಟೆ ಆಡ್ತಿದ್ದಾರೆ ಅನ್ನೋದೂ ಗೊತ್ತಾಗಲ್ಲ. ನಾನು ಇದನ್ನ ಓದಿದ ವಾರದಲ್ಲಿ ಆಫೀಸಿನಲ್ಲಿ ಯಾರಾದರೂ ದನಿ ತಗ್ಗಿಸಿ ಮಾತಾಡಿದರೆ ಸಾಕು, ಎದೆ ಧಸಕ್ ಅನ್ನೋದು. ಊರು ಬಿಟ್ಟು ಬಂದವನಿಗೆ ಈ ನಗರದಲ್ಲಿ ಹೆಸರು, ಹುದ್ದೆ ಎಲ್ಲ ಇದ್ದರೂ ಬೆನ್ನಿಗೆ ಯಾರೂ ಇರಲ್ಲ, ಅದನ್ನ ಇಷ್ಟು ಹತ್ತಿರದಿಂದ ಹೇಳಿದ ಇನ್ನೊಂದು ಕಾದಂಬರಿ ನಾನು ಓದಿಲ್ಲ. ಆದರೂ ಕೊಟ್ಟೆ. ಆ ಭಯ ನನ್ನೊಳಗೆ ಕೂತಾಗಿದೆ, ಹಾಳೆ ಬೇಕಾಗಿಲ್ಲ.

ಹಾಗೇ ವಿವೇಕ ಶಾನಭಾಗರ 'ಘಾಚರ್ ಘೋಚರ್'. ಬೆಂಗಳೂರಿನ ಒಂದು ಮನೆ, ಚಿಕ್ಕಪ್ಪನ ಮಸಾಲೆ ವ್ಯಾಪಾರ, ಇದ್ದಕ್ಕಿದ್ದಂತೆ ಬಂದ ದುಡ್ಡು. ಸಣ್ಣ ಪುಸ್ತಕ, ಡೊಂಬಿವಲಿಯಿಂದ ಸಿಎಸ್‌ಟಿಗೆ ಹೋಗಿ ಬರುವಷ್ಟರಲ್ಲಿ ಮುಗಿಯುತ್ತೆ. ಮುಗಿದ ಮೇಲೆ ಮನೆಗೆ ಬಂದು ಅಡುಗೆಮನೆಯಲ್ಲಿ ಇರುವೆ ಕಂಡರೂ ಕೈ ತಡೆಯುತ್ತೆ. ಓದಿದವರಿಗೆ ಗೊತ್ತಾಗುತ್ತೆ ಯಾಕೆ ಅಂತ. ಕೊನೆಗೆ ಏನಾಯಿತು ಅಂತ ಲೇಖಕರು ಬಿಡಿಸಿ ಹೇಳಲ್ಲ. ನಾನು ಮತ್ತು ನನ್ನ ಮಗ ಇದರ ಬಗ್ಗೆ ಎರಡು ದಿನ ವಾದ ಮಾಡಿದ್ವಿ. ಅವನು ಓದಿದ್ದು ಇಂಗ್ಲಿಷ್ ಅನುವಾದದಲ್ಲಿ, ನಾನು ಕನ್ನಡದಲ್ಲಿ. ವಾದ ಮಾತ್ರ ಒಂದೇ. ಅಂದ್ರೆ ಇದೂ ದಾಟಿಹೋಗುವ ಪುಸ್ತಕ. ಅದೂ ಕೊಡುವ ಚೀಲಕ್ಕೆ ಹೋಯಿತು.

ಈಗ ಇಟ್ಟುಕೊಂಡವುಗಳಿಗೆ ಬರ್ತೀನಿ.

ಬೇಂದ್ರೆಯವರ 'ನಾಕುತಂತಿ'. 1964ರಲ್ಲಿ ಪ್ರಕಟ, 1973ರಲ್ಲಿ ಜ್ಞಾನಪೀಠ. ನಮ್ಮ ಕಡೆ ಶಾಲೆಯಲ್ಲಿ ಬೇಂದ್ರೆ ಅಂದ್ರೆ ಪರೀಕ್ಷೆಗೆ ಸಾರಾಂಶ ಬರೆಯೋ ವಿಷಯ ಆಗಿತ್ತು. ನನಗೆ ಅವರು ಕೇಳಿಸಿದ್ದು ಮದುವೆಯಾದ ಮೇಲೆ. ನಮ್ಮ ಅತ್ತೆ ಧಾರವಾಡದವರು. ಸಂಜೆ ಅವರೆಕಾಳು ಸುಲಿಯುತ್ತಾ ಬೇಂದ್ರೆ ಪದ್ಯ ಹೇಳ್ತಿದ್ದರು. ರಾಗ ಹಾಕಿ ಹಾಡ್ತಿರಲಿಲ್ಲ, ಮಾತಾಡಿದ ಹಾಗೇ ಹೇಳ್ತಿದ್ದರು. ನಾನು ಅಡ್ಡ ಬಾಯಿ ಹಾಕಿ "ಇದರ ಅರ್ಥ ಏನತ್ತೆ?" ಅಂದ್ರೆ, "ಮೊದಲ ಕಿವಿ ಕೊಟ್ಟು ಕೇಳವಾ, ಅರ್ಥ ತಾನ ಬರತದ" ಅನ್ನೋರು. ಆ ಕಿವಿ ಸಿಕ್ಕ ಮೇಲೆ ಗೊತ್ತಾಯ್ತು, ಪುಸ್ತಕದ ಹೆಸರಿನಲ್ಲೇ 'ನಾಲ್ಕು' ಇಲ್ಲ, ಮನೆಮಾತಿನ 'ನಾಕು' ಇದೆ. ಇನ್ನೊಂದು ವಿಷಯ ನಮಗೆ, ಮಹಾರಾಷ್ಟ್ರದ ಕನ್ನಡಿಗರಿಗೆ, ಮುಖ್ಯ. ಬೇಂದ್ರೆಯವರ ಮನೆಮಾತು ಮರಾಠಿ, ಮತ್ತು ಅವರು 1944ರಿಂದ 1956ರವರೆಗೆ ಸೊಲ್ಲಾಪುರದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಎರಡು ಭಾಷೆಯ ನಡುವೆ ಬಾಳಿದರೆ ಕನ್ನಡ ತೆಳುವಾಗಲೇಬೇಕು ಅಂತ ಯಾರಾದರೂ ಅಂದ್ರೆ ನಾನು ಈ ಉದಾಹರಣೆ ಕೊಡ್ತೀನಿ.

'ನಾಕುತಂತಿ' ಪೂರ್ತಿ ಅರ್ಥ ಆಗಿದೆಯಾ ಅಂತ ಕೇಳಿದರೆ, ಇಲ್ಲ. ಅದಕ್ಕೇ ಇಟ್ಟುಕೊಂಡಿದ್ದು. ಮೊಮ್ಮಗಳಿಗೆ 'ಕರ್ವಾಲೊ' ಹೇಳಿದ ಹಾಗೆ ಇದನ್ನ ಹೇಳೋಕೆ ಆಗಲ್ಲ. ಜೋರಾಗಿ ಓದಬಹುದು ಅಷ್ಟೇ. ಓದಿದರೆ ಅವಳು ಅರ್ಥ ಗೊತ್ತಿಲ್ಲದೆ ತೊಡೆ ಮೇಲೆ ತಾಳ ಹಾಕ್ತಾಳೆ. ಕತೆ ಮರಾಠಿಯಲ್ಲಿ ಅವಳನ್ನ ಮುಟ್ಟಿತು, ಕನ್ನಡ ಮಾತ್ರ ಈ ತಾಳದ ಮೂಲಕವೇ ಮುಟ್ಟಬೇಕು.

ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'. 1942ರ ಸಂಕಲನ. ಇದನ್ನ ಕೊಡಬಹುದು ಅಂತಲೇ ಅಂದ್ಕೊಂಡಿದ್ದೆ, ಯಾಕಂದ್ರೆ ಎಲ್ಲರಿಗೂ ಬಾಯಿಗೆ ಬರುತ್ತೆ. ಅಶ್ವತ್ಥ್, ಅನಂತಸ್ವಾಮಿ ಅವರ ದನಿಯಲ್ಲಿ ಮನೆಮನೆಗೆ ಬಂದ ಭಾವಗೀತೆ. ಆದರೆ ಒಂದು ರಾತ್ರಿ ರಾಗ ಪಕ್ಕಕ್ಕಿಟ್ಟು, ಪುಸ್ತಕ ಹಿಡಿದು ಸುಮ್ಮನೆ ಓದಿ ನೋಡಿದೆ. ರಾಗದಲ್ಲಿ ಬರೀ ಪ್ರೀತಿ, ವಿರಹ ಕೇಳಿಸುತ್ತಿದ್ದ ಕಡೆ ಬಡ ಸಂಸಾರ ಕಾಣಿಸಿತು. ತವರಿನ ಸಂಕೋಚ, ಗಂಡನ ಮನೆಯ ಮಾತು, ಕೈಯಲ್ಲಿ ಕಾಸಿಲ್ಲದವರ ಗೌರವ ಕಾಣಿಸಿತು. ಹಾಡು ಕೆಲವು ಪದ್ಯಗಳನ್ನ ನಮಗೆ ಕೊಟ್ಟಿದೆ, ಅದಕ್ಕೆ ನಾನು ಋಣಿ. ಆದರೆ ಹಾಡಾಗದ ಪದ್ಯಗಳು ಪುಸ್ತಕದಲ್ಲಿ ಮಾತ್ರ ಇವೆ. ಅದನ್ನ ಕೊಟ್ಟರೆ ನನಗೆ ಉಳಿಯೋದು ಕ್ಯಾಸೆಟ್ಟಿನಲ್ಲಿ ಇದ್ದಷ್ಟೇ.

ಜಯಂತ ಕಾಯ್ಕಿಣಿಯವರ 'ಕೋಟಿತೀರ್ಥ'ದ ವಿಷಯವೂ ಇದೇ. 2006ರ 'ಮುಂಗಾರು ಮಳೆ' ಆದ ಮೇಲೆ ಎಲ್ಲರೂ ಅವರನ್ನ ಸಿನಿಮಾ ಹಾಡಿನಿಂದಲೇ ಗುರುತಿಸ್ತಾರೆ. ಮುಂಬೈಯವರಿಗೆ ಅವರ ಕತೆಗಳು ಇನ್ನೂ ಹತ್ತಿರ, ನಮ್ಮ ಚಾಳು, ನಮ್ಮ ಸ್ಟೇಷನ್ನು, ನಮ್ಮ ಇರಾನಿ ಹೋಟೆಲ್ಲು. ಕತೆಗಳ ಪುಸ್ತಕ ಕೊಟ್ಟೆ, ಆ ಜನ ದಿನಾ ರಸ್ತೆಯಲ್ಲಿ ಸಿಗ್ತಾರೆ. ಕವಿತೆ ಇಟ್ಟುಕೊಂಡೆ. ಕೋಟಿತೀರ್ಥ ಅಂದ್ರೆ ಗೋಕರ್ಣದ ಕೆರೆ. ಊರಿನ ನೀರಿನ ಹೆಸರನ್ನ ಪುಸ್ತಕಕ್ಕೆ ಇಟ್ಟು ದೂರ ಬದುಕುವುದು ಅಂದ್ರೇನು ಅಂತ ನನಗೆ ಹೇಳಿಕೊಡಬೇಕಾಗಿಲ್ಲ.

ಎ.ಕೆ. ರಾಮಾನುಜನ್ ಅವರ 'ಹೊಕ್ಕುಳಲ್ಲಿ ಹೂವಿಲ್ಲ' 1969ರದು. ಅವರು ಆಗ ಶಿಕಾಗೊದಲ್ಲಿ ಪಾಠ ಮಾಡ್ತಿದ್ದರು. ಪರದೇಶದಲ್ಲಿ ಕೂತು ಬರೆದ ಕನ್ನಡ ಅಂದ್ರೆ ಊರಿನ ಹಂಬಲ, ಕಣ್ಣೀರು ಇರುತ್ತೆ ಅಂತ ಕಾದಿದ್ದೆ. ಹಾಗೇನಿಲ್ಲ. ಒಣ ಮಾತು, ಮನೆಯ ಹಜಾರದಲ್ಲಿ ಆಡುವ ಮಾತು, ಒಳಗೇ ಒಂದು ಕೊಂಕು. ವಿಷ್ಣುವಿನ ಹೊಕ್ಕುಳಲ್ಲಿ ಕಮಲ ಇದೆ, ನಮ್ಮ ನಿಮ್ಮ ಹೊಕ್ಕುಳಲ್ಲಿ ಇಲ್ಲ, ನನಗೆ ಆ ಹೆಸರು ಹೊಳೆದದ್ದು ಹೀಗೆ. ಹೊರನಾಡಿನಲ್ಲಿ ಇರೋರು ಕನ್ನಡವನ್ನ ಬರೀ ಅಳೋಕೆ, ಹೊಗಳೋಕೆ ಬಳಸಬೇಕಾಗಿಲ್ಲ, ತಮಾಷೆ ಮಾಡೋಕೆ, ಅನುಮಾನ ಪಡೋಕೂ ಬಳಸಬಹುದು. ಇದನ್ನ ನನಗೆ ಕಲಿಸಿದ್ದು ಈ ತೆಳ್ಳನೆ ಪುಸ್ತಕ.

ಇಷ್ಟು ಕೇಳಿ ನಮ್ಮ ಯಜಮಾನರು ನಕ್ಕರು. "ಕವಿತಿ ಪುಸ್ತಕ ತೆಳ್ಳಗ ಇರ್ತಾವ, ಜಾಗಾ ಕಡಿಮಿ ಹಿಡೀತಾವ, ಅದಕ್ಕ ಇಟ್ಕೊಂಡಿ ನೀ" ಅಂದರು. ಆಮೇಲೆ ಒಂದು ಒಳ್ಳೆ ಪ್ರಶ್ನೆಯನ್ನೂ ಕೇಳಿದರು, "ಹಂಗಾದ್ರ ಕಾದಂಬರಿಯ ಮಾತಿಗೆ ಬೆಲಿ ಇಲ್ಲೇನು?"

ಇದೆ. ನನ್ನ ಲೆಕ್ಕವನ್ನ ಎರಡು ಕಾದಂಬರಿ ಮುರಿದವು.

ಒಂದು, ದೇವನೂರ ಮಹಾದೇವ ಅವರ 'ಕುಸುಮಬಾಲೆ'. ಕತೆ ಹೇಳಬಹುದು. ಮೇಲುಜಾತಿಯ ಕುಸುಮ, ದಲಿತ ಹುಡುಗ ಚೆನ್ನ, ಅವನ ಕೊಲೆ. ಮೂರು ಮಾತಿನಲ್ಲಿ ಹೇಳಿ ಮುಗಿಸಿದೆ, ಆದರೆ ಪುಸ್ತಕ ಎಲ್ಲಿ ಬಂತು? ಅಲ್ಲಿ ರಾತ್ರಿ ದೀಪದ ಜೋತಮ್ಮಗಳು ಸೇರಿ ಮಾತಾಡುತ್ತವೆ, ಮಂಚ ಕತೆ ಹೇಳುತ್ತೆ. ಭಾಷೆ ನಂಜನಗೂಡು ಕಡೆಯದು. ಮಲೆನಾಡಿನವಳಾದ ನನಗೆ ಮೊದಲ ಪುಟದಲ್ಲೇ ಕಾಲು ಹೂತುಹೋಯಿತು. ಆಫೀಸಿನಲ್ಲಿ ಆ ಕಡೆಯ ಸಹೋದ್ಯೋಗಿ ಒಬ್ಬರಿದ್ದರು. ಊಟದ ಹೊತ್ತಲ್ಲಿ ದಿನಕ್ಕೆ ಎರಡು ಪುಟ ಓದಿ ಕೇಳಿಸಿದರು. ಅವರ ಬಾಯಲ್ಲಿ ಅದು ಕಷ್ಟದ ಪುಸ್ತಕವೇ ಅಲ್ಲ, ಅವರ ಅಜ್ಜಿಯ ಮಾತು. ಒಂದು ದಿನ ಓದುತ್ತಾ ಓದುತ್ತಾ ಅವರು ನಿಲ್ಲಿಸಿಬಿಟ್ಟರು. "ನಮ್ಮೂರಲ್ಲೂ ಹಿಂಗೇ ಒಬ್ಬನ್ನ ಇಲ್ಲ ಅನ್ನಿಸಿಬುಟ್ರು ಮೇಡಂ" ಅಂದರು. ಅವತ್ತು ಇಬ್ಬರೂ ಡಬ್ಬಿ ಮುಚ್ಚಿ ಎದ್ದೆವು. ಆ ಪುಸ್ತಕವನ್ನ ನಾನು ಯಾರಿಗೂ ಕೊಡಲಾರೆ.

ಇನ್ನೊಂದು, ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು', 1967ರದು. ದಪ್ಪ ಪುಸ್ತಕ, ಯಜಮಾನರ ಲೆಕ್ಕಕ್ಕೆ ಉತ್ತರ! ನಾಯಿಗುತ್ತಿ, ಅವನ ನಾಯಿ ಹುಲಿಯ, ತಿಮ್ಮಿ ಅಂತ ಶುರು ಮಾಡಿದರೆ ಇನ್ನೊಂದು ಮನೆ, ಇನ್ನೊಂದು ಗುಡ್ಡ, ಇನ್ನೊಂದು ಮದುವೆ ಅಂತ ಬರ್ತಾನೇ ಇರುತ್ತೆ. ಇವನೇ ನಾಯಕ ಅಂತ ಬೊಟ್ಟು ಮಾಡಿ ತೋರಿಸೋಕೆ ಆಗಲ್ಲ, ಹಾಗಾಗಿ ಕತೆ ಹೇಳೋಕೂ ಆಗಲ್ಲ. ಅದರಲ್ಲಿರೋದು ಮಳೆ, ಇಂಬಳ, ಕಂಬಳಿಕೊಪ್ಪೆ, ನನ್ನ ಬಾಯಲ್ಲಿ ವರ್ಷಗಟ್ಟಲೆ ಬರದ ಮಾತುಗಳು. ಡೊಂಬಿವಲಿಯಲ್ಲಿ ಇಂಬಳ ಅನ್ನೋ ಮಾತಿಗೆ ಏನು ಕೆಲಸ? ಆ ಮಾತು ಬೇಕಾದಾಗ ನಾನು ಹೋಗಬೇಕಾದ ಜಾಗ ಅದೊಂದೇ.

ಹಾಗಾಗಿ ಕೊನೆಗೆ ಲೆಕ್ಕ ಕಾದಂಬರಿ, ಕವಿತೆ ಅನ್ನೋದರ ಮೇಲೆ ನಿಲ್ಲಲಿಲ್ಲ. ಯಾರದಾದರೂ ಬಾಯಿ ಬೇಕು ಅನ್ನೋ ಪುಸ್ತಕಗಳು ಕಪಾಟಿನಲ್ಲಿ ಉಳಿದವು. ಬೇಂದ್ರೆಗೆ ನನ್ನ ಅತ್ತೆ ಬೇಕಾಯಿತು, ದೇವನೂರರಿಗೆ ನಂಜನಗೂಡಿನ ಗೆಳೆಯರು ಬೇಕಾದರು. ಕುವೆಂಪು ಅವರನ್ನ ಓದಿ ಕೇಳಿಸೋದು ನನ್ನ ಪಾಲಿಗೆ ಬಂದಿದೆ. ಊರಿನಲ್ಲಿದ್ದಿದ್ದರೆ ಧಾರವಾಡದವರು ಧಾರವಾಡದಲ್ಲಿ, ನಾನು ಸಾಗರದಲ್ಲಿ. ಇಷ್ಟು ಕನ್ನಡ ಒಂದೇ ಕಡೆ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಹೊರಗೆ ಬಂದದ್ದರಿಂದ ಕಳೆದುಕೊಂಡದ್ದು ಇದೆ, ಸರಿ. ಇದು ಮಾತ್ರ ಸಿಕ್ಕಿದ್ದು.

ಪುಣೆ, ಚೆನ್ನೈ, ಹೈದರಾಬಾದು, ದೆಹಲಿ, ಎಲ್ಲೇ ಇರಿ, ನಿಮ್ಮ ಪಕ್ಕದಲ್ಲಿ ಬೇರೆ ಜಿಲ್ಲೆಯ ಒಬ್ಬ ಕನ್ನಡಿಗರು ಇದ್ದೇ ಇರ್ತಾರೆ. ಈ ಭಾನುವಾರ ಅವರ ಕಡೆಯ ಒಂದು ಪುಸ್ತಕ ಅವರ ಕೈಗೆ ಕೊಟ್ಟು, ಹತ್ತು ನಿಮಿಷ ಓದಿ ಅಂತ ಕೇಳಿ. ಮಕ್ಕಳು ಮೊಬೈಲ್ ನೋಡ್ತಾ ಪಕ್ಕದಲ್ಲಿ ಕೂತಿದ್ದರೂ ಪರವಾಗಿಲ್ಲ, ಕಿವಿ ತೆರೆದೇ ಇರುತ್ತೆ.