ಹೇಳಿದವರಿದ್ದರು, ಕೇಳಿದವರಿರಲಿಲ್ಲ

(ಫೆಬ್ರವರಿ 1ರ ಸಂಜೆ ಗಿರಣಿ ಕಾರ್ಮಿಕರ ಸಂಘದ ಅಂಗಳದಲ್ಲಿ ಸೇರಿದ ಸ್ಮರಣ ಸಭೆಯಲ್ಲಿ ಮಾಡಿದ ಭಾಷಣ)



ಮೊನ್ನೆ ಈ ಸಭೆಯ ಕರಪತ್ರ ಹಂಚುತ್ತ ಗಿರಣಿಯ ಗೇಟಿನ ಬಳಿ ನಿಂತಿದ್ದಾಗ ನೂಲುವ ಖಾತೆಯ ಹಿರಿಯರೊಬ್ಬರು ನಮ್ಮನ್ನು ತಡೆದು ಕೇಳಿದರು: "ಮೇಷ್ಟ್ರೆ, ಆಕಾಶಕ್ಕೆ ಹೋಗಿ ಸತ್ತವರಿಗೆ ನಾವ್ಯಾಕೆ ಅಳಬೇಕು? ನಮ್ಮಲ್ಲಿ ಸತ್ತರೆ ಅಳೋರು ಯಾರು?" ಪ್ರಶ್ನೆ ನ್ಯಾಯವಾದದ್ದೇ. ಅಲ್ಲೇ ನಿಂತು ಉತ್ತರ ಹೇಳಲು ಆಗಲಿಲ್ಲ. ಪಾಳಿಯ ಗಂಟೆ ಹೊಡೆಯಿತು. ಇಂದು ಅವರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಅವರಿಗಾಗಿಯೇ ಮಾತನಾಡುತ್ತೇವೆ.

2003ನೆಯ ಇಸವಿ ಫೆಬ್ರವರಿ 1, ಶನಿವಾರ. ನಮ್ಮಲ್ಲಿ ಸಂಜೆ ಏಳೂವರೆಯ ಸುಮಾರು. ಅಮೆರಿಕದಲ್ಲಿ ಆಗ ಬೆಳಿಗ್ಗೆ. ಹದಿನಾರು ದಿನ ಭೂಮಿಯನ್ನು ಸುತ್ತಿ ಮನೆಗೆ ಮರಳುತ್ತಿದ್ದ ಕೊಲಂಬಿಯಾ ಎಂಬ ಗಗನನೌಕೆ, ನೆಲ ಮುಟ್ಟಲು ಹದಿನಾರು ನಿಮಿಷವಿದೆ ಎನ್ನುವಾಗ, ಟೆಕ್ಸಾಸ್ ಪ್ರಾಂತದ ಮೇಲೆ ಚೂರುಚೂರಾಯಿತು. ಅದರಲ್ಲಿದ್ದ ಏಳು ಜನರಲ್ಲಿ ಒಬ್ಬಳು ಹರಿಯಾಣದ ಕರ್ನಾಲಿನ ಹುಡುಗಿ, ಕಲ್ಪನಾ ಚಾವ್ಲಾ. ದೇಶ ಒಡೆದಾಗ ಮನೆಮಠ ಬಿಟ್ಟು ಬಂದ ಕುಟುಂಬ. ಸಣ್ಣಪುಟ್ಟ ವ್ಯಾಪಾರ ಮಾಡಿ, ಆಮೇಲೆ ಟೈರಿನ ಕೆಲಸಕ್ಕೆ ಇಳಿದ ತಂದೆ. ಚಂಡೀಗಢದ ಕಾಲೇಜಿನಲ್ಲಿ ವಿಮಾನದ ಎಂಜಿನಿಯರಿಂಗ್ ಓದಿ 1982ರಲ್ಲಿ ಹೊರಬಿದ್ದಳು. ನಾವು ಆಗ ಶಾಲೆಯ ಹುಡುಗರು. ಸೋಮವಾರದ ಪ್ರಾರ್ಥನೆಯಲ್ಲಿ ನಮ್ಮನ್ನು ನಿಲ್ಲಿಸಿ "ವಿಧಿಯಾಟ" ಎಂದು ಹೇಳಿದರು. ನಾವೂ ಹಾಗೆಂದೇ ನಂಬಿದೆವು. ಬಹಳ ವರ್ಷ ನಂಬಿದೆವು.

ವಿಧಿಯಾಟವಲ್ಲ, ಸಂಗಾತಿಗಳೆ. ಇದನ್ನು ತಿಳಿಯಲು ಇನ್ನೂ ಹದಿನೇಳು ವರ್ಷ ಹಿಂದಕ್ಕೆ ಹೋಗಬೇಕು.

1986ರ ಜನವರಿ 27ರ ರಾತ್ರಿ. ಮರುದಿನ ಚಾಲೆಂಜರ್ ಎಂಬ ನೌಕೆ ಹಾರಬೇಕು. ಆ ನೌಕೆಯ ಪಕ್ಕಕ್ಕೆ ಎರಡು ದೊಡ್ಡ ರಾಕೆಟ್‌ಗಳನ್ನು ಕಟ್ಟುತ್ತಾರೆ. ಒಂದೊಂದೂ ತುಂಡುತುಂಡಾಗಿ ತಯಾರಾಗಿ ಆಮೇಲೆ ಜೋಡಣೆಯಾಗುವಂಥದು. ಜೋಡಣೆಯ ಸಂದಿನಿಂದ ಬೆಂಕಿ ಹೊರಬರಬಾರದೆಂದು ಅಲ್ಲಿ ರಬ್ಬರಿನ ಬಳೆ ಕೂರಿಸುತ್ತಾರೆ. ನಿಮ್ಮ ಮನೆಯ ಕುಕ್ಕರಿನ ಗ್ಯಾಸ್ಕೆಟ್ ಇದೆಯಲ್ಲ, ಅದೇ ಕೆಲಸ. ಬಳೆಯ ಸುತ್ತು ಹನ್ನೆರಡು ಅಡಿ ಅಗಲ, ದಪ್ಪ ಮಾತ್ರ ಕಾಲಂಗುಲಕ್ಕೆ ತುಸು ಹೆಚ್ಚು. ರಬ್ಬರಿಗೆ ಚಳಿ ಹಿಡಿದರೆ ಏನಾಗುತ್ತದೆಂದು ಇಲ್ಲಿ ಕೂತ ಯಾವ ಫಿಟ್ಟರನ್ನು ಕೇಳಿದರೂ ಹೇಳುತ್ತಾನೆ: ಬಿರುಸಾಗುತ್ತದೆ, ಒತ್ತಿದ ಜಾಗಕ್ಕೆ ಬೇಗ ಕೂರುವುದಿಲ್ಲ.

ಆ ರಾಕೆಟ್ ಮಾಡುತ್ತಿದ್ದದ್ದು ಯೂಟಾ ಪ್ರಾಂತದ ಮಾರ್ಟನ್ ಥಯೊಕಾಲ್ ಎಂಬ ಕಂಪನಿ. ಅಲ್ಲಿನ ಎಂಜಿನಿಯರುಗಳಿಗೆ ಈ ಸಂಗತಿ ಒಂದು ವರ್ಷದಿಂದ ಗೊತ್ತಿತ್ತು. 1985ರ ಜನವರಿಯಲ್ಲಿ ಚಳಿಯಲ್ಲಿ ಹಾರಿದ ರಾಕೆಟನ್ನು ಬಿಚ್ಚಿ ನೋಡಿದಾಗ ಬಳೆಗಳ ನಡುವೆ ಕಪ್ಪು ಮಸಿ ಸಿಕ್ಕಿತ್ತು. ಬಿಸಿಗಾಳಿ ಒಂದು ಬಳೆಯನ್ನು ದಾಟಿ ಬಂದಿತ್ತೆಂದು ಅದರ ಅರ್ಥ. ಆ ಜುಲೈಯಲ್ಲಿ ರೋಜರ್ ಬೋಜೊಲೆ ಎಂಬ ಎಂಜಿನಿಯರು ಇದನ್ನು ಸರಿಪಡಿಸದಿದ್ದರೆ ಜೀವಹಾನಿಯಾಗುತ್ತದೆಂದು ಮೇಲಿನವರಿಗೆ ಬರೆದುಕೊಟ್ಟ. ಅಕ್ಟೋಬರಿನಲ್ಲಿ ಬಾಬ್ ಎಬೆಲಿಂಗ್ ಎಂಬ ಇನ್ನೊಬ್ಬ "ಸಹಾಯ ಮಾಡಿ" ಎಂಬ ಮಾತಿನಿಂದಲೇ ಪತ್ರ ಶುರುಮಾಡಿದ. ಕಚೇರಿಯ ಪತ್ರವನ್ನು ಹಾಗೆ ಶುರುಮಾಡಬೇಕಾದರೆ ಆ ಮನುಷ್ಯನಿಗೆ ಎಷ್ಟು ರೋಸಿರಬೇಕು, ಯೋಚಿಸಿ.

27ರ ರಾತ್ರಿ ಫ್ಲಾರಿಡಾದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಫೋನಿನ ಮೇಲೆ ಸಭೆ ನಡೆಯಿತು. 12 ಡಿಗ್ರಿ ಸೆಂಟಿಗ್ರೇಡಿಗಿಂತ ಕಡಿಮೆಯಾದರೆ ಹಾರಿಸಬೇಡಿ ಎಂದು ಎಂಜಿನಿಯರುಗಳು ಹೇಳಿದರು. ನಾಸಾ ಸಂಸ್ಥೆಯ ಅಧಿಕಾರಿಯೊಬ್ಬ ಸಿಡುಕಿ, ಹಾಗಾದರೆ ಮುಂದಿನ ಏಪ್ರಿಲಿನ ತನಕ ಕಾಯಬೇಕೆ ಎಂದ. ಕಂಪನಿಯವರು ಐದು ನಿಮಿಷ ಬಿಡುವು ಕೇಳಿ ಫೋನು ಬಂದ್ ಮಾಡಿದರು. ಐದು ನಿಮಿಷ ಅರ್ಧ ಗಂಟೆಯಾಯಿತು. ಬೋಜೊಲೆ ಮಸಿಯ ಫೋಟೋಗಳನ್ನು ಮೇಜಿನ ಮೇಲೆ ಹರಡಿ ತೋರಿಸಿದ. ಯಾರೂ ಬಗ್ಗಿ ನೋಡಲಿಲ್ಲ. ನಾಲ್ವರು ಮೇಲಧಿಕಾರಿಗಳು ತಮ್ಮೊಳಗೇ ಮತ ಹಾಕಿದರು. ಅವರಲ್ಲೊಬ್ಬ ಹಿಂಜರಿದಾಗ ಎಲ್ಲರಿಗಿಂತ ಮೇಲಿನವ ಹೇಳಿದ: ಎಂಜಿನಿಯರಿನ ಟೋಪಿ ತೆಗೆದಿಡು, ಆಡಳಿತಗಾರನ ಟೋಪಿ ಹಾಕಿಕೊ. ಅವನು ಹಾಕಿಕೊಂಡ. ಫೋನು ಮತ್ತೆ ತೆರೆಯಿತು, ಹಾರಿಸಬಹುದು ಎಂದರು. ಅಲನ್ ಮೆಕ್‌ಡೊನಾಲ್ಡ್ ಎಂಬ ಕಂಪನಿಯ ಮನುಷ್ಯ ಫ್ಲಾರಿಡಾದಲ್ಲೇ ಇದ್ದ. ಅವನು ಮಾತ್ರ ಸಹಿ ಹಾಕಲು ಒಪ್ಪಲಿಲ್ಲ. ಸಹಿ ಬೇರೆಯವರಿಂದ ಬಂತು.

ಯಾಕೆ ಹೀಗಾಯಿತೆಂದು ಆಮೇಲೆ ಸರ್ಕಾರದ ತನಿಖಾ ಆಯೋಗವೇ ಬರೆದಿದೆ: ದೊಡ್ಡ ಗಿರಾಕಿಯ ಮನಸ್ಸು ನೋಯಬಾರದೆಂದು. ವ್ಯಾಪಾರಿ ಬಂಧುಗಳೆ, ಗಿರಾಕಿಯ ಮನಸ್ಸು ಕಾಯುವುದು ಏನೆಂದು ನಿಮಗೆ ನಾವು ಹೇಳಬೇಕಿಲ್ಲ. ಆದರೆ ಗಿರಾಕಿ ಬೇಗ ಬೇಕೆಂದ ಮಾತ್ರಕ್ಕೆ ಕೆಟ್ಟ ಎಣ್ಣೆಯನ್ನು ಅಳೆದು ಕೊಡುವವನನ್ನು ನಿಮ್ಮ ಪೇಟೆಯೂ ಒಪ್ಪುವುದಿಲ್ಲವಷ್ಟೆ?

ಮರುದಿನ ಸುಮಾರು 2 ಡಿಗ್ರಿ ಚಳಿಯಲ್ಲಿ ಚಾಲೆಂಜರ್ ಮೇಲೇರಿತು. 73 ಸೆಕೆಂಡಿಗೆ ಮುಗಿಯಿತು. ಅದರಲ್ಲಿ ಕ್ರಿಸ್ಟಾ ಮೆಕಾಲಿಫ್ ಇದ್ದಳು, ಕಾಂಕರ್ಡ್ ಊರಿನ ಹೈಸ್ಕೂಲಿನ ಮೇಡಮ್ಮು. ಹನ್ನೊಂದು ಸಾವಿರಕ್ಕೂ ಹೆಚ್ಚು ಉಪಾಧ್ಯಾಯರಲ್ಲಿ ಆರಿಸಿ ತೆಗೆದವಳು, ಆಕಾಶದಿಂದ ಎರಡು ಪಾಠ ಮಾಡಬೇಕಾಗಿದ್ದವಳು. ಮಕ್ಕಳು ಶಾಲೆ ಶಾಲೆಗಳಲ್ಲಿ ಟೀವಿಯ ಮುಂದೆ ಕೂತಿದ್ದರು. ಸೀಮೆಸುಣ್ಣ ಹಿಡಿದು ಬದುಕಿದ ನಮಗೆ ಆ ಕೋಣೆಗಳು ಕಣ್ಣಿಗೆ ಕಟ್ಟುತ್ತವೆ. ರೊನಾಲ್ಡ್ ಮೆಕ್‌ನೇರ್ ಇದ್ದ. ದಕ್ಷಿಣದ ಸಣ್ಣ ಊರಿನ ನೀಗ್ರೊ ಮನೆತನದ ಮಗ. ತಂದೆ ಮೋಟಾರು ಮೆಕ್ಯಾನಿಕ್. ಒಂಬತ್ತು ವರ್ಷದವನಿದ್ದಾಗ ಲೈಬ್ರರಿಯಲ್ಲಿ ಕರಿಯನಿಗೆ ಪುಸ್ತಕ ಕೊಡುವುದಿಲ್ಲವೆಂದು ಪೋಲೀಸರನ್ನು ಕರೆಸಿದ್ದರು. ಹುಡುಗ ಜಗ್ಗಲಿಲ್ಲ, ಪುಸ್ತಕ ಹಿಡಿದೇ ಮನೆಗೆ ಹೋದ. ಮುಂದೆ ಭೌತಶಾಸ್ತ್ರದ ಡಾಕ್ಟರಾದ. ಆ ಲೈಬ್ರರಿಯ ಕಟ್ಟಡ ಈಗ ಅವನ ಹೆಸರಿನ ವಸ್ತುಸಂಗ್ರಹಾಲಯ.

ಮುಂದಿನ ತಿಂಗಳು ಫೈನ್‌ಮನ್ ಎಂಬ ವಿಜ್ಞಾನಿ ಆಯೋಗದ ಸಭೆಯಲ್ಲಿ ಆ ರಬ್ಬರಿನ ಚೂರನ್ನು ಮಂಜುಗಡ್ಡೆಯ ನೀರಿನ ಲೋಟದಲ್ಲಿ ಅದ್ದಿ ಎಲ್ಲರಿಗೂ ತೋರಿಸಿದ. ಜಗತ್ತು ಬೆರಗಾಯಿತು. ನಮಗೆ ಮಾತ್ರ ಬೇಜಾರಾಗುತ್ತದೆ. ನೊಬೆಲ್ ಬಹುಮಾನ ಪಡೆದವನು ಲೋಟ ಹಿಡಿದರೆ ಮಾತ್ರ ಸತ್ಯವೆ? ಬೋಜೊಲೆಯ ಮಸಿಯ ಫೋಟೋ ಸತ್ಯವಾಗಿರಲಿಲ್ಲವೆ?

ಇಷ್ಟಾದ ಮೇಲೆ ಪಾಠ ಕಲಿತರೆ? ಮತ್ತೆ ಕೊಲಂಬಿಯಾಕ್ಕೆ ಬರೋಣ. ಹಾರಿದ 82 ಸೆಕೆಂಡಿಗೆ ಹೊರಗಿನ ಇಂಧನ ತೊಟ್ಟಿಗೆ ಹೊದಿಸಿದ ನೊರೆಯ ಗಟ್ಟಿ ಒಂದು ಕಳಚಿ ಎಡರೆಕ್ಕೆಗೆ ಬಡಿಯಿತು. ತೂಕ ಮುಕ್ಕಾಲು ಕಿಲೊ. ಹಿಂದೆಯೂ ಎಷ್ಟೋ ಸಲ ನೊರೆ ಬಿದ್ದಿತ್ತು, ನೌಕೆ ಕ್ಷೇಮವಾಗಿ ಬಂದಿತ್ತು. ಆದ್ದರಿಂದ ಅದು ರೂಢಿಯಾಗಿಬಿಟ್ಟಿತ್ತು. ರಾಡ್ನಿ ರೋಚಾ ಮೊದಲಾದ ಎಂಜಿನಿಯರುಗಳು ರೆಕ್ಕೆಯ ಫೋಟೋ ತೆಗೆಸಿ ಎಂದು ಬೇಡಿದರು. ಬೇಡಿಕೆ ಮೂರು ಸಲ ಹೋಯಿತು, ಫೋಟೋ ಬರಲಿಲ್ಲ. ಇದು ತಪ್ಪು ನಿರ್ಧಾರವೆಂದು ರೋಚಾ ಒಂದು ಪತ್ರ ಬರೆದ. ಬರೆದು, ಕಳಿಸಲಿಲ್ಲ. ಆ ಜುಲೈಯಲ್ಲಿ ತನಿಖೆಯವರು ಅಂಥದೇ ನೊರೆಯನ್ನು ಅಂಥದೇ ರೆಕ್ಕೆಗೆ ಹೊಡೆದು ನೋಡಿದರೆ ಒಂದು ಅಡಿಗಿಂತ ದೊಡ್ಡ ತೂತು ಬಿತ್ತು. ಮೊದಲೇ ಗೊತ್ತಾಗಿದ್ದರೆ ಅಟ್ಲಾಂಟಿಸ್ ಎಂಬ ಇನ್ನೊಂದು ನೌಕೆಯನ್ನು ಕಳಿಸಿ ಆ ಏಳು ಜನರನ್ನು ಇಳಿಸಿಕೊಂಡು ಬರಬಹುದಿತ್ತು. ಅಪಾಯವಿತ್ತು, ಆದರೆ ಅಸಾಧ್ಯವಿರಲಿಲ್ಲ ಎಂದು ವರದಿ ಹೇಳುತ್ತದೆ. ನೊರೆಯಷ್ಟೇ ಸಂಸ್ಥೆಯ ನಡವಳಿಕೆಯೂ ಕಾರಣವೆಂದೂ ಅದೇ ವರದಿ ಹೇಳುತ್ತದೆ.

ರೋಚಾನ ಮೇಲೆ ಕಲ್ಲು ಹೊಡೆಯಲು ನಮಗೆ ಕೈ ಏಳುವುದಿಲ್ಲ. ನಾವು ಉಪಾಧ್ಯಾಯರಾಗಿದ್ದ ಒಂದು ಶಾಲೆಯಲ್ಲಿ ಮೂರನೆಯ ತರಗತಿಯ ಕೋಣೆಯ ತೊಲೆ ಬಿರುಕು ಬಿಟ್ಟಿತ್ತು. ಒಮ್ಮೆ ಹೇಳಿದೆವು. "ಹತ್ತು ವರ್ಷದಿಂದ ಹಾಗೇ ಇದೆ" ಎಂಬ ಉತ್ತರ ಬಂತು. ಎರಡನೆಯ ಸಲ ಹೇಳಲಿಲ್ಲ, ವರ್ಗಾವಣೆಯ ಕಾಲವಾಗಿತ್ತು. ಅದೇ ತೊಲೆಯ ಕೆಳಗೆ ಮಕ್ಕಳನ್ನು ಕೂರಿಸಿ ಮಗ್ಗಿ ಹೇಳಿಸಿದೆವು. ಶ್ರಾವಣದ ಮಳೆಗೆ ಅದು ಬಿತ್ತು. ರಾತ್ರಿ ಬಿದ್ದದ್ದರಿಂದ ಇವತ್ತು ನಿಮ್ಮ ಮುಂದೆ ನಿಂತು ಮಾತನಾಡುತ್ತಿದ್ದೇವೆ. ಹಗಲು ಬಿದ್ದಿದ್ದರೆ?

ಎಬೆಲಿಂಗ್‌ಗೆ ಬಿದ್ದದ್ದು ಹಗಲಿನಲ್ಲೇ. ಹಿಂದಿನ ರಾತ್ರಿಯೇ ಹೆಂಡತಿಗೆ ಅದು ಸಿಡಿಯುತ್ತದೆ ಎಂದು ಹೇಳಿದ್ದ. ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು ಎಂದು ಮೂವತ್ತು ವರ್ಷ ಕೊರಗಿದ. 2016ರ ಜನವರಿಯಲ್ಲಿ ರೇಡಿಯೋದವರು ಮಾತನಾಡಿಸಿದಾಗ, ದೇವರು ಆ ಕೆಲಸಕ್ಕೆ ನನ್ನನ್ನು ಆರಿಸಬಾರದಿತ್ತು ಎಂದ. ಅದನ್ನು ಕೇಳಿದ ನೂರಾರು ಜನ, ತಪ್ಪು ನಿನ್ನದಲ್ಲಪ್ಪ ಎಂದು ಕಾಗದ ಬರೆದರು. ಕಡೆಗೂ ಮನಸ್ಸು ತುಸು ಹಗುರಾಗಿ, ಆ ಮಾರ್ಚಿನಲ್ಲಿ 89ರ ವಯಸ್ಸಿಗೆ ತೀರಿಕೊಂಡ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ, ಯಜಮಾನರೆ. ಆ ಹದಿನಾಲ್ಕು ಜನ ಸತ್ತದ್ದು ಆಕಾಶದಲ್ಲಾದರೂ ಸಾವಿನ ದಾರಿ ನಮ್ಮ ಬಾಯ್ಲರ್ ಮನೆಯ ದಾರಿಯೇ. ಕೈಯಿಂದ ಮುಟ್ಟಿ ಕೆಲಸ ಮಾಡುವವನು ಹೇಳಿದ್ದ, ಸಹಿ ಹಾಕುವವನು ಕೇಳಲಿಲ್ಲ.

ಇನ್ನೊಂದು ಮಾತು. ಕೊಲಂಬಿಯಾದ ಚೂರುಗಳನ್ನು ಹುಡುಕಲು ಟೆಕ್ಸಾಸಿನ ಕಾಡುಮುಳ್ಳಿನಲ್ಲಿ ಸಾಲುಗಟ್ಟಿ ನಡೆದವರು ಸಾವಿರಾರು ಮಂದಿ. ಹೆಚ್ಚಿನವರು ಕಾಡಿನ ಬೆಂಕಿ ಆರಿಸುವ ಕೂಲಿಯವರು, ಅಲ್ಲಿನ ಮೂಲನಿವಾಸಿಗಳ ತಂಡಗಳೂ ಸೇರಿ. 84,000ಕ್ಕೂ ಹೆಚ್ಚು ಚೂರು ಆರಿಸಿದರು. ಹೆಂಫಿಲ್ ಎಂಬ ಸಣ್ಣ ಊರಿನ ಹೆಂಗಸರು ದಿನವೂ ಅವರಿಗೆ ಅಡುಗೆ ಮಾಡಿ ಹಾಕಿದರು. ಮಾರ್ಚ್ 27ರಂದು ಹುಡುಕುತ್ತಿದ್ದ ಹೆಲಿಕಾಪ್ಟರ್ ಬಿದ್ದು ಇಬ್ಬರು ಸತ್ತರು: ಜೂಲ್ಸ್ ಮೀಯರ್, ಚಾರ್ಲ್ಸ್ ಕ್ರೆನೆಕ್. ಈ ಇಬ್ಬರ ಹೆಸರು ಎಷ್ಟು ಜನರಿಗೆ ಗೊತ್ತು? ನಮ್ಮ ಪಟ್ಟಿಯಲ್ಲಿ ಅವರನ್ನೂ ಸೇರಿಸಿದ್ದೇವೆ.

ಸಂಘದ ಕಚೇರಿಯಲ್ಲಿ ನಾಳೆಯಿಂದ ಒಂದು ದಪ್ಪ ಪುಸ್ತಕ ಇರುತ್ತದೆ. ಯಾವ ಯಂತ್ರದ ಗಾರ್ಡು ಕಳಚಿದೆ, ಯಾವ ವಾಲ್ವು ಸೋರುತ್ತಿದೆ, ಯಾರಿಗೆ ಯಾವಾಗ ಹೇಳಿದಿರಿ ಎಂದು ತಾರೀಖು ಹಾಕಿ ಬರೆಸಿ. ಬರೆಯಲು ಬಾರದವರು ಬಾಯಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ.

ಈಗ ಎಲ್ಲರೂ ಎದ್ದು ನಿಲ್ಲಬೇಕು. ಮಗ್ಗದ ಓಣಿಯ ಎಂಟನೆಯ ತರಗತಿಯ ಹುಡುಗಿ ಹದಿನಾರು ಹೆಸರು ಓದುತ್ತಾಳೆ. ವಿದೇಶದ ಹೆಸರುಗಳು, ನಾಲಿಗೆ ತೊಡರಿದರೆ ನಗಬೇಡಿ, ಒಂದು ವಾರದಿಂದ ಅಭ್ಯಾಸ ಮಾಡಿದ್ದಾಳೆ. ರಾತ್ರಿ ಪಾಳಿಯವರು ಹೆಸರು ಮುಗಿದ ಕೂಡಲೆ ಹೊರಡಬಹುದು.